ಇನ್ಸುಲಿನ್ ಹಿಂದಿನ ನಾಯಿಗಳು

ವಿಜ್ಞಾನಿಗಳು ತಮ್ಮ ಸಂಶೋಧನೆಗೆ ಪ್ರಾಣಿಗಳನ್ನು ಬಳಸುತ್ತಾರಾ? ಯಾರಾದರೂ ಕೇಳಿದರೆ "ಹೌದು" ಅನ್ನಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಅದು ಅರ್ಧ ಉತ್ತರ. ಉಳಿದರ್ಧ ತಿಳಿಯಲು ಇನ್ಸುಲಿನ್ ಕಥೆ ಕೇಳಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸಕ್ಕರೆ ಕಾಯಿಲೆಗೆ ಈ ಇಂಜೆಕ್ಷನ್ ಚುಚ್ಚಿಕೊಳ್ಳುವವರನ್ನು ನೀವು ನೋಡಿರಬಹುದು.

ನೂರೈದು ವರ್ಷದ ಹಿಂದೆ ಈ ಔಷಧಿ ಇರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಊಟ ತೀರಾ ಕಡಿಮೆ ಮಾಡಿಸಿ ಸಾವನ್ನು ಒಂದಿಷ್ಟು ಮುಂದೂಡುವುದಷ್ಟೇ ವೈದ್ಯರ ಕೈಲಿ ಆಗುತ್ತಿತ್ತು.

1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ಆ ನಾಯಿಯ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಅಂದರೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಏನೋ ಒಂದು ಆ ಗ್ರಂಥಿಯಲ್ಲಿದೆ ಅಂತಾಯಿತು. ಆ "ಏನೋ ಒಂದು" ಕೈಗೆ ಸಿಗಲು ಮತ್ತೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಆ ಗ್ರಂಥಿಯಿಂದ ಸಾರ ತೆಗೆದರು. ಗ್ರಂಥಿ ಕಳೆದುಕೊಂಡ ಬೇರೆ ನಾಯಿಗಳಿಗೆ ಅದನ್ನು ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು. ಮಾರ್ಜರಿ ಎಂಬ ನಾಯಿ ಈ ಸಾರದ ಬಲದಿಂದಲೇ ಸುಮಾರು 70 ದಿನ ಬದುಕಿತು. ಈ ಪ್ರಯೋಗಗಳಲ್ಲಿ ಅನೇಕ ನಾಯಿಗಳು ಸತ್ತವು.

1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅವನಿಗೆ 14 ವರ್ಷ, ನಿಮ್ಮ ಓರಗೆಯವನೇ. ದನದ ಗ್ರಂಥಿಯಿಂದ ತೆಗೆದ ಆ ಸಾರ ಸಾಕಷ್ಟು ಶುದ್ಧವಾಗಿರಲಿಲ್ಲ, ಹೆಚ್ಚು ಗುಣ ಕಾಣಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧಮಾಡಿದ ಮೇಲೆ, ಅದೇ ತಿಂಗಳಲ್ಲಿ ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ.

ಹುಡುಗ ಉಳಿದ, ಸರಿ. ಆದರೆ ಆ ನಾಯಿಗಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಕೇಳಿದ್ದರೂ ಮೂಕಪ್ರಾಣಿ ಏನು ಹೇಳೀತು? ಈ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿದೆ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಮೂರು ದಾರಿ ತೋರಿಸಿದರು. ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೇ ಮಾಡಿ. ಆಗದಿದ್ದರೆ ಆದಷ್ಟು ಕಡಿಮೆ ಪ್ರಾಣಿ ಬಳಸಿ. ಬಳಸಿದರೂ ನೋವು ಆದಷ್ಟು ತಗ್ಗಿಸಿ.

ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಕೂಡ ಇದೇ ಮಾತು ಹೇಳುತ್ತದೆ: ಪುಸ್ತಕ, ಮಾದರಿ, ಫಿಲ್ಮ್‌ಗಳಿಂದ ಪಾಠ ಕಲಿಸಲು ಆಗುವ ಕಡೆ ಪ್ರಾಣಿಗಳ ಮೇಲೆ ಪ್ರಯೋಗ ಬೇಡ. 2014ರಲ್ಲಿ ನಮ್ಮ ದೇಶ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ ನಿಷೇಧಿಸಿತು.

ಇನ್ಸುಲಿನ್ ಕಥೆ ಕೂಡ ಅಲ್ಲಿಗೇ ನಿಲ್ಲಲಿಲ್ಲ. ದಶಕಗಳ ಕಾಲ ದನ, ಹಂದಿಗಳ ಗ್ರಂಥಿಯಿಂದಲೇ ಅದನ್ನು ತೆಗೆಯುತ್ತಿದ್ದರು. 1978ರಲ್ಲಿ ವಿಜ್ಞಾನಿಗಳು ಮನುಷ್ಯರ ಇನ್ಸುಲಿನ್ನಿನ ಜೀನ್ ಅನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇವತ್ತು ಸಿಗುವ ಇನ್ಸುಲಿನ್ ಬಹುಪಾಲು ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ಬರುವುದು. ಹಾಗಂತ ಪ್ರಾಣಿಗಳ ಬಳಕೆ ಪೂರ್ತಿ ನಿಂತಿಲ್ಲ. ಹೊಸ ಔಷಧಿಗಳ ಪರೀಕ್ಷೆಗೆ ಇಲಿಗಳನ್ನು ಈಗಲೂ ಬಳಸುತ್ತಾರೆ.

ಇದನ್ನು ತರಗತಿಯಲ್ಲಿ ಚರ್ಚೆ ಮಾಡಿ. 1921ರಲ್ಲಿ ಆ ಲ್ಯಾಬಿನಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಇವತ್ತು ಇದ್ದರೆ? ಎರಡಕ್ಕೂ ಒಂದೇ ಉತ್ತರ ಬರಬೇಕೆಂದೇನೂ ಇಲ್ಲ. ಆದರೆ ಯಾಕೆ ಅನ್ನುವುದನ್ನು ಹೇಳಲು ಬರಬೇಕು.