ಗದ್ದದ ಕೆಳಗಣ ಮಡಿಕೆ

ಕಳೆದ ವೈಶಾಖದಲ್ಲಿ ನಾವು ಶಿಕಾರಿಪುರದಿಂದ ಸೊರಬಕ್ಕೆ ಮದುವೆಯೊಂದಕ್ಕೆ ಹೋಗಿದ್ದೆವು. ಅಲ್ಲಿ ನಮ್ಮ ತಂಗಿಯ ಮಗಳನ್ನು ಕಂಡು, ಹತ್ತು ಜನರೆದುರಿಗೆ, “ಏನಮ್ಮ, ಒಂದು ಗದ್ದ ಸಾಲದೆಂದು ಎರಡನೆಯದನ್ನೂ ಬೆಳೆಸಿರುವೆಯಾ?” ಎಂದು ಹಾಸ್ಯಮಾಡಿದೆವು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಭಾವಚಿತ್ರ ತೆಗೆಯುವ ಹೊತ್ತಿಗೆ ಸೆರಗನ್ನು ಕತ್ತಿಗೆ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ನಿಂತಳು. ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನಮಗೆ ನಾಲಗೆಯನ್ನು ಹಿಡಿಯುವ ಪಾಠವೇ ಬಾರದೆ ಹೋಗಿತ್ತು.

ತಿಂಗಳ ಮೇಲೆ ಅವಳು ನಮ್ಮ ಮನೆಗೆ ಬಂದು, “ಮಾವ, ಶಸ್ತ್ರಚಿಕಿತ್ಸೆಯಿಲ್ಲದೆ ಇದನ್ನು ಕರಗಿಸುತ್ತಾರಂತೆ. ಬ್ಯೂಟಿ ಪಾರ್ಲರಿನಲ್ಲಿ ಸೂಜಿ ಹಾಕಿಸಿಕೊಳ್ಳಲೇ?” ಎಂದಳು. ತಪ್ಪು ನಮ್ಮದಾದುದರಿಂದ, ಅವಳನ್ನು ಶಿವಮೊಗ್ಗೆಯ ಚರ್ಮವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಅಲ್ಲಿ ತಿಳಿದುದನ್ನು ವಾಚಕರ ಉಪಯೋಗಕ್ಕಾಗಿ ಬರೆಯುತ್ತಿದ್ದೇವೆ.

ಈ ಮಡಿಕೆಗೆ ಕೊಬ್ಬೊಂದೇ ಕಾರಣವಲ್ಲ. ವಂಶಗುಣ, ವಯಸ್ಸಿನಿಂದ ಸಡಿಲಗೊಂಡ ಚರ್ಮ, ಹಿಂದೆ ಸರಿದ ಗದ್ದ ಇವೂ ಕಾರಣಗಳುಂಟು. ಕತ್ತಿನಲ್ಲಿ ಗಂಟು ಅಥವಾ ಊತವಿದ್ದರೆ ಅದು ಥೈರಾಯ್ಡ್ ಗ್ರಂಥಿಯ ರೋಗವಾಗಿರಬಹುದು. ಅದನ್ನು ಮೊದಲು ಪರೀಕ್ಷಿಸತಕ್ಕದ್ದು.

ಕೊಬ್ಬೇ ಕಾರಣವಾದರೆ ಉಪಾಯಗಳೆರಡು. ಮೊದಲನೆಯದು ಡಿಆಕ್ಸಿಕೋಲಿಕ್ ಆಮ್ಲದ ಸೂಜಿ. ಜಠರದಿಂದ ಕರುಳಿಗಿಳಿದ ಆಹಾರದ ಜಿಡ್ಡನ್ನು ಒಡೆಯಲು ನೆರವಾಗುವ ಪಿತ್ತರಸದಲ್ಲಿ ಈ ಆಮ್ಲವು ಸಹಜವಾಗಿಯೇ ಇರುವುದು. ಗದ್ದದಡಿಯಲ್ಲಿ ಚುಚ್ಚಿದರೆ ಅದು ಅಲ್ಲಿಯ ಕೊಬ್ಬಿನ ಕಣಗಳನ್ನು ನಾಶಪಡಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2015ರಲ್ಲಿ ಇದಕ್ಕೆ ಅನುಮತಿಯಿತ್ತಿತು. ಒಂದು ಸಲಕ್ಕೆ ಹಲವು ಚುಚ್ಚುಗಳು. ಸಲದಿಂದ ಸಲಕ್ಕೆ ತಿಂಗಳಾದರೂ ಅಂತರವಿರಬೇಕು. 6 ಸಲಕ್ಕಿಂತ ಹೆಚ್ಚು ಕೂಡದು. ಎರಡನೆಯದು ಶೀತಚಿಕಿತ್ಸೆ. ಚರ್ಮಕ್ಕಿಂತ ಕೊಬ್ಬು ಬೇಗನೆ ಚಳಿಗೆ ಸೋಲುವುದರಿಂದ, ಯಂತ್ರದಿಂದ ಆ ಭಾಗವನ್ನು ತಣಿಸುತ್ತಾರೆ. ಫಲವು ಎರಡು ಮೂರು ತಿಂಗಳಲ್ಲಿ ಮೆಲ್ಲನೆ ತೋರುವುದು.

ಅಪಾಯಗಳೂ ಇಲ್ಲದಿಲ್ಲ. ಸೂಜಿಯಿಂದ ಬಾವು, ನೋವು, ಮರಗಟ್ಟುವಿಕೆ ಸಾಮಾನ್ಯ. ದವಡೆಯಂಚಿನ ನರಕ್ಕೆ ಪೆಟ್ಟಾದರೆ ನಗೆ ಸೊಟ್ಟಗಾಗುತ್ತದೆ. ಅದು ಸಾಮಾನ್ಯವಾಗಿ ತಾನಾಗಿ ಸರಿಹೋದರೂ ಕಾಲ ಹಿಡಿಯುವುದು. ನುಂಗಲು ಕಷ್ಟವಾಗುವುದೂ ಉಂಟು. ಶೀತಚಿಕಿತ್ಸೆಯಿಂದ ಅಪರೂಪಕ್ಕೆ ಕೊಬ್ಬು ಕರಗುವ ಬದಲು ಬೆಳೆಯುತ್ತದೆ. ಜೋತುಬಿದ್ದ ಚರ್ಮಕ್ಕೆ ಇವು ಮದ್ದಲ್ಲ. ಆದುದರಿಂದ ಇದು ತಜ್ಞವೈದ್ಯರ ಕೆಲಸವೇ ಹೊರತು ಅಲಂಕಾರದ ಅಂಗಡಿಯದಲ್ಲ.

ನಮ್ಮ ಹುಡುಗಿಯ ಥೈರಾಯ್ಡ್ ನೆಟ್ಟಗಿತ್ತು. ಅವಳದು ತಾಯಿಯಿಂದ ಬಂದ ಗದ್ದ. ಅವಳನ್ನು ಸೊರಬಕ್ಕೆ ಬಿಡಲು ಹೋಗುವಾಗ ದಾರಿಯಲ್ಲಿ ಬಳ್ಳಿಗಾವಿಯ ಕೇದಾರೇಶ್ವರನ ದರ್ಶನಕ್ಕೆ ಇಳಿದೆವು. ಸಮಾಧಾನ ಹೇಳಬೇಕೆಂದು, “ಮೂರು ರೇಖೆಗಳುಳ್ಳ ಕತ್ತನ್ನು ಅಮರಕೋಶವು ಕಂಬುಗ್ರೀವವೆಂದು ಕರೆದಿದೆ. ಶಿಲ್ಪಿಗಳು ದೇವತೆಗಳ ಕತ್ತಿಗೂ ಮಡಿಕೆಯನ್ನು ಕೆತ್ತುತ್ತಾರೆ” ಎಂದು ಪಾಂಡಿತ್ಯವನ್ನು ಮೆರೆದೆವು.

“ಅದು ಕತ್ತು ಮಾವ, ಇದು ಗದ್ದ” ಎಂದಳು. ಬಳಿಕ ಮೆಲ್ಲನೆ, “ಮಾಡಿಸಿಕೊಳ್ಳುವುದೋ ಬಿಡುವುದೋ, ನಾನು ಯೋಚಿಸಿ ನಿಶ್ಚಯಿಸುತ್ತೇನೆ. ನೀವು ಮಾತ್ರ ಇನ್ನು ನಾಲ್ಕು ಜನರ ಮುಂದೆ ಏನೂ ಅನ್ನಬೇಡಿ” ಎಂದಳು.

ಹಾಗೆಯೇ ಆಗಲೆಂದು ಒಪ್ಪಿದೆವು. ಕೊಬ್ಬಿಗೆ ಸೂಜಿಯುಂಟು, ಚಳಿಯುಂಟು. ಮದುವೆಮನೆಯಲ್ಲಿ ನಾವಾಡಿದ ಮಾತನ್ನು ಕರಗಿಸುವ ಔಷಧವು ಯಾವ ವೈದ್ಯರಲ್ಲಿಯೂ ಇಲ್ಲ.