ಅಪರಾಧದ ಕಾರಣಮೀಮಾಂಸೆ: ಗಾದೆ, ಸಿದ್ಧಾಂತ ಮತ್ತು ಕಾನೂನು

ಮನುಷ್ಯ ಅಪರಾಧವನ್ನೇಕೆ ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಅಪರಾಧಶಾಸ್ತ್ರಕ್ಕಿಂತ ಬಹು ಹಿಂದೆಯೇ ಜನಪದರು ಕೇಳಿಕೊಂಡಿದ್ದಾರೆ. ಅವರ ಉತ್ತರ ಒಂದೇ ಆಗಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಕಾರಣವನ್ನು ಜನ್ಮದಲ್ಲಿ ಕಾಣುತ್ತದೆ. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬುದು ಅದನ್ನು ಒಡನಾಟದಲ್ಲಿ ಹುಡುಕುತ್ತದೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬುದು ಒಮ್ಮೆ ಅಂಟಿದ ಕಳಂಕದ ಬಲವನ್ನು ಹೇಳುತ್ತದೆ. ಪರಸ್ಪರ ವಿರುದ್ಧವಾದ ಈ ತಿಳಿವಳಿಕೆಗಳನ್ನು ಜನಪದವು ಸಂದರ್ಭಕ್ಕೆ ತಕ್ಕಂತೆ ಬಳಸುತ್ತದೆ. ಯಾವುದನ್ನೂ ಏಕೈಕ ಸತ್ಯವೆಂದು ಸಾರುವುದಿಲ್ಲ.

ಪಾಶ್ಚಾತ್ಯ ಸಿದ್ಧಾಂತಗಳು ಈ ಮೂರು ದಾರಿಗಳಲ್ಲಿಯೂ ನಡೆದಿವೆ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ತಲೆಬುರುಡೆ, ದವಡೆ ಮೊದಲಾದ ದೇಹಲಕ್ಷಣಗಳಿಂದ ‘ಹುಟ್ಟು ಅಪರಾಧಿ’ಯನ್ನು ಗುರುತಿಸಬಹುದೆಂದು ವಾದಿಸಿದನು. ಮುಂದಿನ ಸಂಶೋಧನೆಗಳು ಈ ವಾದವನ್ನು ತಳ್ಳಿಹಾಕಿದವು. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಅಪರಾಧವೂ ಆಪ್ತ ಒಡನಾಟದಿಂದ ಕಲಿತ ನಡವಳಿಕೆಯೆಂದು ನಿರೂಪಿಸಿದನು. ಸಮಾಜವು ಎಲ್ಲರ ಮುಂದೆ ಒಂದೇ ಗುರಿಯನ್ನಿಟ್ಟು, ಅದನ್ನು ತಲುಪುವ ಮಾರ್ಗವನ್ನು ಕೆಲವರಿಗಷ್ಟೇ ತೆರೆದಾಗ ನಿಯಮಭಂಗ ಹೆಚ್ಚುತ್ತದೆ ಎಂದು ರಾಬರ್ಟ್ ಮರ್ಟನ್ 1938ರಲ್ಲಿ ವಿವರಿಸಿದನು. 1963ರಲ್ಲಿ ಹೋವರ್ಡ್ ಬೆಕರ್ ಪ್ರಶ್ನೆಯನ್ನೇ ತಿರುಗಿಸಿದನು. ನಿಯಮವನ್ನು ಮಾಡುವವರು ಯಾರು, ಅದನ್ನು ಯಾರ ಮೇಲೆ ಹೇರುತ್ತಾರೆ ಎಂಬುದನ್ನು ನೋಡದೆ ‘ಅಪರಾಧಿ’ ಎಂಬ ಹಣೆಪಟ್ಟಿಯನ್ನು ಅರ್ಥೈಸಲಾಗದು ಎಂಬುದು ಅವನ ನಿಲುವು.

ಬೆಕರನ ಪ್ರಶ್ನೆಯ ಮಹತ್ವವನ್ನು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಸೀಮೆಯ ಇತಿಹಾಸ ಸ್ಪಷ್ಟಪಡಿಸುತ್ತದೆ. ಈ ತಾಲ್ಲೂಕಿಗೆ ಒಂದೆಡೆ ಕಡಲತೀರವಿದೆ. ಇನ್ನೊಂದೆಡೆ ಅಗಸೂರಿನಂತಹ ಒಳಭಾಗದ ಹಳ್ಳಿಗಳೂ ಅವುಗಳಾಚೆ ಘಟ್ಟದ ಕಾಡೂ ಇವೆ. ಕಾಡಿನ ತುಂಡನ್ನು ಕಡಿದು ಸುಟ್ಟು, ಬೂದಿಯ ನೆಲದಲ್ಲಿ ಧಾನ್ಯ ಬಿತ್ತುವ ಕುಮರಿ ಬೇಸಾಯವನ್ನು ಹಾಲಕ್ಕಿ ಒಕ್ಕಲಿಗರೂ ಸೇರಿದಂತೆ ಈ ಜಿಲ್ಲೆಯ ಹಲವು ಸಮುದಾಯಗಳು ನಡೆಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಅರಣ್ಯ ನಿಯಮಗಳು, ವಿಶೇಷವಾಗಿ 1878ರ ಅರಣ್ಯ ಕಾಯ್ದೆ, ಇಂತಹ ಬದುಕನ್ನು ಕಟ್ಟಿಹಾಕಿದವು. ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಮರ ಕಡಿಯುವುದು, ದನ ಮೇಯಿಸುವುದು ಶಿಕ್ಷಾರ್ಹವಾದವು. ಕಡಲಂಚಿನಲ್ಲಿಯೂ ಇದೇ ನಡೆಯಿತು. 1882ರ ಉಪ್ಪಿನ ಕಾಯ್ದೆಯು ಉಪ್ಪಿನ ತಯಾರಿಕೆಯನ್ನು ಸರ್ಕಾರದ ಹಿಡಿತಕ್ಕೆ ಒಳಪಡಿಸಿತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯ ಜನ ಆ ಕಾಯ್ದೆಯನ್ನು ಬಹಿರಂಗವಾಗಿ ಮುರಿದರು. ಕಾನೂನಿನ ಕಣ್ಣಿಗೆ ಅದು ಅಪರಾಧ, ಜನರ ಕಣ್ಣಿಗೆ ಸತ್ಯಾಗ್ರಹ. ಉಪ್ಪು ತೆಗೆದವರ ದವಡೆಯನ್ನು ಅಳೆದರೂ ಒಡನಾಟವನ್ನು ಶೋಧಿಸಿದರೂ ಈ ಅಂತರ ತಿಳಿಯುವುದಿಲ್ಲ.

ಕೃತ್ಯವನ್ನು ಅಪರಾಧವೆನ್ನುವುದು ಒಂದು ಬಗೆ, ಹುಟ್ಟನ್ನೇ ಅಪರಾಧವೆನ್ನುವುದು ಇನ್ನೊಂದು ಬಗೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಎರಡನೆಯದನ್ನು ಮಾಡಿತು. ಬಡಗಿಯ ಮಗ ಬಡಗಿಯಾಗುವ ದೇಶದಲ್ಲಿ ಕಳ್ಳತನವೂ ಕುಲಕಸುಬೇ ಎಂಬ ತರ್ಕ ಅದರ ಹಿಂದೆ ಇತ್ತು. 1911ರ ಕಾಯ್ದೆಯ ಮೂಲಕ ಮುಂಬಯಿ ಪ್ರಾಂತವೂ ಇದರ ವ್ಯಾಪ್ತಿಗೆ ಬಂದಿತು. ಘಂಟಿಚೋರ, ಹರಣಶಿಕಾರಿ ಮುಂತಾದ ಅಲೆಮಾರಿ ಸಮುದಾಯಗಳವರನ್ನು ಬಿಜಾಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿ ಇರಿಸಲಾಯಿತು. ಹಾಜರಿ ಕೊಡಬೇಕು, ಪರವಾನಗಿಯಿಲ್ಲದೆ ಹೊರಗೆ ಹೋದರೆ ಅದೇ ಹೊಸ ಅಪರಾಧ. ಅಲೆಮಾರಿತನವೇ ಬದುಕಾಗಿದ್ದವರಿಗೆ ತಿರುಗಾಟ ನಿಷಿದ್ಧವಾಯಿತು. ಹೊಟ್ಟೆಪಾಡಿನ ಹಳೆಯ ದಾರಿ ಮುಚ್ಚಿತು, ಹೊಸ ದಾರಿಯನ್ನು ಹಣೆಪಟ್ಟಿ ಮುಚ್ಚಿತು. ಕಾರಣವೆಂದು ಹೇಳಲಾದದ್ದು ಹೀಗೆ ತಾನೇ ಪರಿಣಾಮವನ್ನು ಉಂಟುಮಾಡಿತು.

ಈ ಕಾಯ್ದೆ ದೇಶದಾದ್ಯಂತ 1952ರಲ್ಲಿ ರದ್ದಾಯಿತಾದರೂ ಅದರ ಭಾಷೆ ಉಳಿಯಿತು. ಹಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳಲ್ಲಿ ಜಾತಿಯ ಆಧಾರದ ಮೇಲೆ ಕೆಲಸ ಹಂಚುವ, ವಿಮುಕ್ತ ಸಮುದಾಯಗಳನ್ನು ಶಂಕಿಸುವ ನಿಯಮಗಳಿದ್ದವು. ಅವುಗಳನ್ನು ಸರ್ವೋಚ್ಚ ನ್ಯಾಯಾಲಯವು ಅಸಾಂವಿಧಾನಿಕವೆಂದು ಘೋಷಿಸಿದ್ದು 2024ರ ಅಕ್ಟೋಬರ್ 3ರಂದು.

ಇದರರ್ಥ ಅಪರಾಧವೆಂಬುದೆಲ್ಲ ಬರಿಯ ಹಣೆಪಟ್ಟಿ ಎಂದಲ್ಲ. ಕೊಲೆ, ಅತ್ಯಾಚಾರ, ಸುಲಿಗೆಗಳಲ್ಲಿ ನೋಯುವ ಜೀವವಿದೆ. ಅವುಗಳ ಕಾರಣವನ್ನು ವ್ಯಕ್ತಿಯಲ್ಲಿಯೂ ಪರಿಸರದಲ್ಲಿಯೂ ಶೋಧಿಸಲೇಬೇಕು. ಆದರೆ ಕುಮರಿ ಕಡಿದವನನ್ನೂ ಉಪ್ಪು ತೆಗೆದವನನ್ನೂ ಸುಲಿಗೆಕೋರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಸಿದ್ಧಾಂತವು ಕಾರಣವನ್ನು ವಿವರಿಸದೆ ಅಧಿಕಾರದ ಮಾತನ್ನು ಮರುನುಡಿಯುತ್ತದೆ. ಗಾದೆಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರಿಗೂ ಇಲ್ಲೊಂದು ಹೊಣೆಯಿದೆ. ಕುಲವನ್ನು ಕಳ್ಳತನದೊಂದಿಗೆ ಜೋಡಿಸುವ ನುಡಿಗಳನ್ನು ದಾಖಲಿಸುವಾಗ, ಅವು ಯಾರ ಬಾಯಿಯಿಂದ ಯಾರನ್ನು ಕುರಿತು ಹೊರಟವೆಂಬುದನ್ನೂ ದಾಖಲಿಸಬೇಕು. ಇಲ್ಲವಾದಲ್ಲಿ ರದ್ದಾದ ಕಾಯ್ದೆಯೊಂದು ಗ್ರಂಥಾಲಯದ ಕಪಾಟಿನಲ್ಲಿ ಜ್ಞಾನದ ಹೆಸರಿನಲ್ಲಿ ಜೀವಂತವಾಗಿ ಉಳಿಯುತ್ತದೆ.