ಗ್ಯಾಸೂ ಅಲ್ಲ, ಗಾಳಿಯೂ ಅಲ್ಲ: ಬಯಲುಸೀಮೆಯ ಗಾಬರಿಗೊಂದು ಹೆಸರು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಆಸ್ಪತ್ರೆಗಳಿಗೆ ‘ಪ್ಯಾನಿಕ್ ಅಟ್ಯಾಕ್’ ಎಂದು ಹೇಳಿಕೊಂಡು ಬರುವವರು ಕಡಿಮೆ. ಆ ತೊಂದರೆ ಬರುವುದು ಬೇರೆ ಹೆಸರುಗಳಲ್ಲಿ. ‘ಗ್ಯಾಸು ಎದೆಗೆ ಏರೈತೆ’, ‘ಬಿಪಿ ಲೋ ಆಗಿ ಕಣ್ಣು ಕತ್ತಲೆ ಬಂತು’, ‘ಕೈಕಾಲು ಜೋಮು ಹಿಡಿದು ಜೀವ ಹೋದಂಗಾತು’ ಎನ್ನುತ್ತಾರೆ. ಮನೆಯ ಹಿರಿಯರು ‘ಗಾಳಿ ಸೋಕೈತೆ’ ಎಂದೋ ದೃಷ್ಟಿ ತಗುಲಿದೆ ಎಂದೋ ತೀರ್ಮಾನಿಸಿರುತ್ತಾರೆ. ಮೊದಲು ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆ, ಆಮೇಲೆ ಒಂದು ಬಾಟಲಿ ಗ್ಲೂಕೋಸ್, ಮತ್ತೂ ನಿಲ್ಲದಿದ್ದರೆ ಚಿತ್ರದುರ್ಗಕ್ಕೋ ದಾವಣಗೆರೆಗೋ ಬಳ್ಳಾರಿಗೋ ಹೋಗಿ ಇಸಿಜಿ, ಎಕೋ. ಅಲ್ಲಿ ಸಿಗುವ ಉತ್ತರ ಬಹುಪಾಲು ಒಂದೇ: ‘ಎಲ್ಲಾ ನಾರ್ಮಲ್ ಇದೆ. ಏನೂ ಇಲ್ಲ. ಟೆನ್ಷನ್ ಮಾಡ್ಕೋಬೇಡಿ.’ ಸಾವನ್ನು ಎದುರಿಗೇ ಕಂಡು ಬಂದವನಿಗೆ ಈ ‘ಏನೂ ಇಲ್ಲ’ ಸಮಾಧಾನವೂ ಅಲ್ಲ, ಉತ್ತರವೂ ಅಲ್ಲ. ಆಗಿದ್ದು ಏನು ಎಂಬುದು ಅವನಿಗೆ ತಿಳಿಯುವುದಿಲ್ಲ. ಹಾಗಾಗಿ ಅದು ಮತ್ತೆ ಯಾವಾಗ ಬರುವುದೋ ಎಂಬ ಕಾವಲು ಅಂದಿನಿಂದಲೇ ಶುರುವಾಗುತ್ತದೆ.

ತೋಳವಿಲ್ಲದ ಬೊಗಳು

ಕುರಿ ಸಾಕುವ ಈ ಸೀಮೆಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತೋಳದ ವಾಸನೆ ಸಿಕ್ಕಾಗ ರೊಪ್ಪದ ನಾಯಿ ಬೊಗಳಬೇಕು. ಬೊಗಳದ ನಾಯಿಯನ್ನು ಯಾರೂ ಸಾಕುವುದಿಲ್ಲ. ತೋಳವೇ ಇಲ್ಲದ ನಡುರಾತ್ರಿ ಅದೇ ನಾಯಿ ಇಡೀ ಹಟ್ಟಿಯನ್ನು ಎಬ್ಬಿಸಿದರೆ, ಬೊಗಳಿದ್ದು ನಿಜ, ತೋಳ ಮಾತ್ರ ಸುಳ್ಳು. ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಭಾಗ ಹೀಗೆ ಸುಳ್ಳು ಎಚ್ಚರಿಕೆ ಕೊಟ್ಟಾಗ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆಬಡಿತ ಏರುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ಉಸಿರು ವೇಗವಾಗುತ್ತದೆ. ಉಸಿರಿನ ವೇಗಕ್ಕೆ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತುಟಿ, ಬೆರಳು ಜುಮುಗುಡುತ್ತವೆ, ತಲೆ ಹಗುರಾಗಿ ತೇಲಿದಂತಾಗುತ್ತದೆ, ಕೆಲವರಿಗೆ ಕೈಬೆರಳು ಸೆಟೆದುಕೊಳ್ಳುವುದೂ ಉಂಟು. ಇವೆಲ್ಲ ದೇಹದಲ್ಲಿ ನಿಜವಾಗಿಯೇ ನಡೆಯುತ್ತವೆ. ನಾಟಕವೂ ಅಲ್ಲ, ‘ಬರೀ ಮನಸ್ಸಿನ ಭ್ರಮೆ’ಯೂ ಅಲ್ಲ.

ಗಾಬರಿಯನ್ನು ಇಷ್ಟು ಎತ್ತರಕ್ಕೆ ಏರಿಸುವುದು ಅದಕ್ಕೆ ನಾವು ಕೊಡುವ ಅರ್ಥ. ಎದೆ ಹೊಡೆದುಕೊಂಡದ್ದನ್ನು ‘ಹಾರ್ಟ್ ಅಟ್ಯಾಕ್’ ಎಂದು ಓದಿಕೊಂಡ ಕ್ಷಣ ಭಯ ಇಮ್ಮಡಿಯಾಗುತ್ತದೆ. ಇಮ್ಮಡಿಯಾದ ಭಯ ಎದೆಯನ್ನು ಇನ್ನಷ್ಟು ಹೊಡೆಸುತ್ತದೆ. 1986ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರೊಬ್ಬರು ಈ ಸುತ್ತನ್ನು ಸ್ಪಷ್ಟವಾಗಿ ಮಂಡಿಸಿದರು. ಇಂದಿನ ಮಾತಿನ ಚಿಕಿತ್ಸೆ ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆಯೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ದಾಳಿ ತುದಿ ಮುಟ್ಟಿ, ಅರ್ಧ ಗಂಟೆಯ ಹೊತ್ತಿಗೆ ಇಳಿಯುತ್ತದೆ. ಗ್ಲೂಕೋಸ್ ಬಾಟಲಿಗೆ ಬಂದಿರುವ ಕೀರ್ತಿಗೆ ಕಾರಣವೂ ಇದೇ: ಬಾಟಲಿ ಮುಗಿಯುವ ಹೊತ್ತಿಗೆ ಗಾಬರಿ ತಾನಾಗಿಯೇ ಇಳಿದಿರುತ್ತದೆ.

ಒಂದು ಸಲ ಹೀಗಾದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ದಾಳಿ ಮರುಕಳಿಸಿ, ಮುಂದಿನದರ ಭಯ ಒಂದು ತಿಂಗಳಾದರೂ ಕಾಡಿದಾಗ ಅಥವಾ ಆ ಭಯಕ್ಕೆ ನಡೆನುಡಿ ಬದಲಾದಾಗ ವೈದ್ಯಕೀಯ ಅದನ್ನು ಪ್ಯಾನಿಕ್ ಕಾಯಿಲೆ ಎನ್ನುತ್ತದೆ. ಈ ತೊಂದರೆ ಹೊಸದೂ ಅಲ್ಲ. 1871ರಲ್ಲಿ ಅಮೆರಿಕದ ವೈದ್ಯರೊಬ್ಬರು, ಅಂತರ್ಯುದ್ಧದ ಸೈನಿಕರಲ್ಲಿ ಹೃದಯದ ದೋಷ ಕಾಣದೆಯೂ ಎದೆ ಹೊಡೆದುಕೊಳ್ಳುವುದನ್ನು ದಾಖಲಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಮನೋವೈದ್ಯರೊಬ್ಬರು ಬಯಲು ಚೌಕ ದಾಟಲಾಗದವರ ಭಯಕ್ಕೆ ಗ್ರೀಕ್ ಮೂಲದ ಹೆಸರಿಟ್ಟರು; ಆ ಹೆಸರನ್ನು ಬಿಡಿಸಿದರೆ ‘ಸಂತೆಯ ಭಯ’. ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ಮಾತು ಬೇಕಿಲ್ಲ. ಬಸ್ಸಿನಲ್ಲಿ ಒಮ್ಮೆ ಗಾಬರಿಯಾದವಳು ಬಸ್ಸನ್ನು ಬಿಡುತ್ತಾಳೆ, ಆಮೇಲೆ ಸಂತೆಯನ್ನು. ನಾಯಕನಹಟ್ಟಿಯ ತೇರಿಗೂ ಗೌರಸಮುದ್ರದ ಮಾರಮ್ಮನ ಜಾತ್ರೆಗೂ ‘ನೀವು ಹೋಗಿ ಬನ್ನಿ’ ಎಂದು ಮನೆಯಲ್ಲೇ ಉಳಿಯುತ್ತಾಳೆ. ಊರವರು ಅದನ್ನು ಬಿಂಕ ಎಂದುಕೊಳ್ಳುತ್ತಾರೆ. 1980ರವರೆಗೆ ಅಮೆರಿಕದ ಮನೋರೋಗಗಳ ಪಟ್ಟಿಯಲ್ಲಿಯೇ ಪ್ಯಾನಿಕ್ ಕಾಯಿಲೆಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ಊರವರನ್ನಷ್ಟೇ ದೂರಿ ಫಲವಿಲ್ಲ.

ಚಿಂತೆ ಬೇರೆ, ಗಾಬರಿ ಬೇರೆ

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳು ಸೇರಿವೆ. ಚಳ್ಳಕೆರೆಗೆ ಎಣ್ಣೆ ಮಿಲ್ಲುಗಳ ಊರೆಂಬ ಹೆಸರು ತಂದುಕೊಟ್ಟದ್ದು ಮಳೆಯಾಶ್ರಿತ ಶೇಂಗಾ. ಹೂವಾಡುವಾಗ, ಕಾಯಿಕಟ್ಟುವಾಗ ಎರಡು ವಾರ ಮಳೆ ಕೈಕೊಟ್ಟರೆ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. 1990ರ ದಶಕದ ನಡುವಿನಲ್ಲಿ ಪಾಮೆಣ್ಣೆಯ ಆಮದು ಸಡಿಲಗೊಂಡ ಮೇಲೆ ಮಿಲ್ಲುಗಳ ಲೆಕ್ಕವೂ ಮೊದಲಿನಂತೆ ಉಳಿಯಲಿಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನ ಮಜೂರಿಯ ಜಗ್ಗಾಟ ವಿದ್ಯುತ್ ಮಗ್ಗದ ಜೊತೆಗೇ ಮುಂದುವರಿದಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಇವೆರಡೂ ಆ ಪಟ್ಟಿಯಲ್ಲಿದ್ದವು. ಬೋರ್‌ವೆಲ್ ಕೊರೆಸಿ ನೀರು ಬಾರದವನಿಗೆ, ಮಾಲೀಕನಿಂದ ಮುಂಗಡ ಪಡೆದು ತೀರಿಸಲಾಗದವನಿಗೆ ನಿದ್ದೆ ಬಾರದಿದ್ದರೆ ಅದನ್ನು ಕಾಯಿಲೆ ಎನ್ನುವುದು ಹೇಗೆ?

ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಬರದ ಸಂಕಟವನ್ನು ಮಾತ್ರೆಯ ಚೀಟಿಯಾಗಿ ಪರಿವರ್ತಿಸಿದರೆ ಬೆಳೆವಿಮೆ, ಸಾಲ, ನೀರು, ಕೂಲಿ ಇವುಗಳ ಹೊಣೆ ಆಳುವವರ ಹೆಗಲಿನಿಂದ ಜಾರಿ ಸಂತ್ರಸ್ತನ ಮಿದುಳಿಗೆ ಬಂದು ಕೂರುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಈ ಸೀಮೆ ಇಂದಿಗೂ ಕೈಮುಗಿಯುವ ನಾಯಕನಹಟ್ಟಿಯ ಸಂತರು ನೆನಪಿನಲ್ಲಿ ಉಳಿದಿರುವುದು ಕೆರೆ ಕಟ್ಟಿಸಿದವರಾಗಿ; ಬರದ ಭಯಕ್ಕೆ ಇಲ್ಲಿಯ ಹಳೆಯ ಮದ್ದು ನೀರು ಮತ್ತು ಕೈಗೆ ಕೆಲಸ. ಆದರೆ ಈ ವಾದವನ್ನು ಕೊನೆಯವರೆಗೆ ಎಳೆದರೆ ಮತ್ತೊಂದು ಅನ್ಯಾಯವಾಗುತ್ತದೆ. ಚಿಂತೆಗೆ ವಿಷಯವಿರುತ್ತದೆ, ಅದು ನಿಧಾನವಾಗಿ ಸುಡುತ್ತದೆ. ಗಾಬರಿಯ ದಾಳಿಗೆ ಆ ಹೊತ್ತಿನಲ್ಲಿ ವಿಷಯವೇ ಇರಬೇಕಿಲ್ಲ. ನಿದ್ದೆಯಲ್ಲಿದ್ದವರನ್ನೂ ಎಬ್ಬಿಸುತ್ತದೆ, ಸಾಲ ತೀರಿದ ಮೇಲೂ ಬರುತ್ತದೆ. ದೀರ್ಘ ಚಿಂತೆ ಅದಕ್ಕೆ ನೆಲ ಹದಮಾಡಬಹುದು, ಮನೆತನದ ಒಲವೂ ಜೊತೆಗೂಡಬಹುದು. ಹೆಂಗಸರಲ್ಲಿ ಇದು ಗಂಡಸರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಕಾರಣ ಬಡತನವೆಂದು ಹೇಳಿ ಚಿಕಿತ್ಸೆ ತಪ್ಪಿಸಿದರೆ ಬಡವನಿಗೆ ಎರಡು ನಷ್ಟ.

ಪ್ರಮಾಣದ ವಿಷಯದಲ್ಲಿ ತಾಲ್ಲೂಕಿನ ಲೆಕ್ಕಕ್ಕಿಂತ ದೇಶದ ಲೆಕ್ಕವನ್ನೇ ನೆಚ್ಚಬೇಕು. 2019ರಲ್ಲಿ ಜಗತ್ತಿನ ಸುಮಾರು 30 ಕೋಟಿ ಜನ ಆತಂಕದ ಕಾಯಿಲೆಗಳೊಂದಿಗೆ ಬದುಕುತ್ತಿದ್ದರೆಂಬುದು ಜಾಗತಿಕ ಅಂದಾಜು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋವ್ಯಾಧಿಗಳಿರುವ 100 ಜನರಲ್ಲಿ 85 ಮಂದಿಗೆ ಚಿಕಿತ್ಸೆಯೇ ತಲುಪಿಲ್ಲವೆಂದು ಕಂಡುಕೊಂಡಿತು. ಸಮೀಕ್ಷೆಗೆ ಪೂರ್ವಭಾವಿ ಅಧ್ಯಯನ ಕೋಲಾರದಲ್ಲಿ ನಡೆಯಿತು. ಮುಖ್ಯ ಸಮೀಕ್ಷೆಯ 12 ರಾಜ್ಯಗಳಲ್ಲಿ ಮಾತ್ರ ಕರ್ನಾಟಕ ಇರಲಿಲ್ಲ.

ಪಕ್ಕದ ಜಿಲ್ಲೆಯಲ್ಲಿ ನಡೆದದ್ದು

ಮೊಳಕಾಲ್ಮುರಿನವರಿಗೆ ತಮ್ಮ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಮನೋವೈದ್ಯವನ್ನು ಹಳ್ಳಿಗೆ ಒಯ್ಯುವ ದೇಶದ ದೊಡ್ಡ ಪ್ರಯೋಗ ನಡೆದದ್ದೂ ಆ ಬಳ್ಳಾರಿ ಜಿಲ್ಲೆಯಲ್ಲೇ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರ ಹಳ್ಳಿಯಲ್ಲಿ ಮಾಡಿದ ಕೆಲಸದ ಬಲದ ಮೇಲೆ, 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 1980ರ ದಶಕದ ನಡುವಿನಲ್ಲಿ ಬಳ್ಳಾರಿಯನ್ನು ಮಾದರಿ ಜಿಲ್ಲೆಯಾಗಿ ಆರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಕೆಲವೇ ಔಷಧಿಗಳನ್ನು ಒದಗಿಸಿದರೆ ಸಾಮಾನ್ಯ ವೈದ್ಯರೇ ಮನೋರೋಗಗಳನ್ನು ಗುರುತಿಸಿ ನೋಡಿಕೊಳ್ಳಬಲ್ಲರು ಎಂಬುದು ಅಲ್ಲಿ ತಿಳಿಯಿತು. 1996ರಲ್ಲಿ ‘ಬಳ್ಳಾರಿ ಮಾದರಿ’ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. 2014ರಲ್ಲಿ ರಾಜ್ಯವು ಮನೋಚೈತನ್ಯದ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸುವ ಏರ್ಪಾಡು ಮಾಡಿತು. 2022ರ ಅಕ್ಟೋಬರ್ 10ರಂದು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಏರ್ಪಾಡು ಇಲ್ಲವೆನ್ನುವಂತಿಲ್ಲ. ಆದರೆ ಬಳ್ಳಾರಿ ಮಾದರಿಯ ಗಮನ ಸಹಜವಾಗಿಯೇ ಕಣ್ಣಿಗೆ ಕಾಣುವ ತೀವ್ರ ಮನೋರೋಗ, ಮೂರ್ಛೆರೋಗಗಳ ಕಡೆಗಿತ್ತು. ಗಾಬರಿಯ ಕಾಯಿಲೆಯವರು ಹೊಲಕ್ಕೆ ಹೋಗುತ್ತಾರೆ, ಮಗ್ಗ ನೇಯುತ್ತಾರೆ, ಮಾತು ನೆಟ್ಟಗಿರುತ್ತದೆ. ‘ತಲೆ ಕೆಟ್ಟವರ’ ಡಾಕ್ಟರಿಗೂ ತಮಗೂ ಸಂಬಂಧವಿದೆ ಎಂದು ಅವರಿಗೇ ಅನ್ನಿಸುವುದಿಲ್ಲ. ಮಂಗಳವಾರ ಆ ಕೊಠಡಿಯ ಮುಂದೆ ಕೂತರೆ ಬೀಗರ ಕಣ್ಣಿಗೆ ಬೀಳಬಹುದೆಂಬ ಅಳುಕು ಬೇರೆ.

ಮಾತ್ರೆ, ಮಾತು, ತಾಯತ

ಹರಕೆ, ತಾಯತಗಳ ಬಗ್ಗೆ ವೈದ್ಯರ ಅಸಹನೆ ಅರ್ಥವಾಗುವಂಥದ್ದೇ. ತಿಂಗಳುಗಟ್ಟಲೆ ವಿಳಂಬ, ಕೆಲವೆಡೆ ಹಣದ ಸುಲಿಗೆ, ಎಲ್ಲೋ ಹೊಡೆತವೂ ಉಂಟು. ಹೊಡೆತಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದೇ ಹೊತ್ತಿಗೆ, ದೇವರ ಮುಂದೆ ಕೂತವನಿಗೆ ಒಬ್ಬರು ಪೂರ್ತಿ ಅರ್ಧ ಗಂಟೆ ಕಿವಿಗೊಡುತ್ತಾರೆ. ಹೊರರೋಗಿ ವಿಭಾಗದ ಸಾಲಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಹರಕೆಯನ್ನೂ ಚಿಕಿತ್ಸೆಯನ್ನೂ ಒಟ್ಟಿಗೆ ನಡೆಸಲು ಯಾರ ಅಡ್ಡಿಯೂ ಬೇಡ.

ಇದಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವ ನಿದ್ದೆ ಮಾತ್ರೆ. ಆಲ್‌ಪ್ರಝೋಲಾಮ್‌ನಂಥ ಔಷಧ ಅರ್ಧ ಗಂಟೆಯಲ್ಲಿ ಗಾಬರಿ ಇಳಿಸುತ್ತದೆ, ಆ ಗುಣವೇ ಅದರ ಅಪಾಯ. ದಿನವೂ ನುಂಗಿದರೆ ಕೆಲವೇ ವಾರಗಳಲ್ಲಿ ಚಟವಾಗಬಹುದು, ಹಠಾತ್ತನೆ ಬಿಟ್ಟರೆ ಗಾಬರಿ ಮರಳಿ ಹೆಚ್ಚಾಗುತ್ತದೆ. 2014ರಿಂದ ಅದನ್ನು ಚೀಟಿ ನೋಡಿ, ಖಾತೆಯಲ್ಲಿ ಬರೆದುಕೊಂಡೇ ಮಾರಬೇಕೆಂಬ ಕಟ್ಟುನಿಟ್ಟಿದೆ. ಸಂಜೆಯ ಹೆಂಡವೂ ಇದೇ ಜಾತಿಯದು. ಅಂದಿನ ಭಯ ಇಳಿಸಿ ಮರುದಿನದ ಭಯವನ್ನು ಏರಿಸುತ್ತದೆ. ವೈದ್ಯರು ಮೊದಲಿಗೆ ಆರಿಸುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಚಟವಾಗುವಂಥವಲ್ಲ. ಆದರೆ ಫಲ ಕಾಣಲು ಎರಡರಿಂದ ಆರು ವಾರ ಬೇಕು, ಮೊದಲ ದಿನಗಳಲ್ಲಿ ತಳಮಳ ತುಸು ಹೆಚ್ಚಲೂಬಹುದು. ಇದನ್ನು ಮೊದಲೇ ಹೇಳದ ಕಾರಣ ನಾಲ್ಕನೇ ದಿನಕ್ಕೆ ಮಾತ್ರೆ ಬಿಡುವವರುಂಟು. ಅರಿವು-ವರ್ತನೆಯ ಮಾತಿನ ಚಿಕಿತ್ಸೆ ಮಾತ್ರೆಯಷ್ಟೇ ಬಲದ್ದು, ಅದರ ಫಲ ಉಳಿಯುವುದೂ ಹೆಚ್ಚು ಕಾಲ. ಅದನ್ನು ಕೊಡಬಲ್ಲ ತರಬೇತಾದವರು ದೊಡ್ಡ ಊರುಗಳಲ್ಲೇ ಉಳಿದಿದ್ದಾರೆ. ಹೀಗಿರುವಾಗ ಮೊದಲ ಹೆಜ್ಜೆಯ ಭಾರ ಹಳ್ಳಿಯ ವೈದ್ಯರ ಮೇಲೆ ಬೀಳುತ್ತದೆ: ‘ಏನೂ ಇಲ್ಲ’ ಎನ್ನುವ ಬದಲು ‘ಇದಕ್ಕೆ ಹೆಸರಿದೆ, ಇದರಿಂದ ಜೀವ ಹೋಗುವುದಿಲ್ಲ, ವಾಸಿಯಾಗುತ್ತದೆ’ ಎನ್ನಲು ಬೇಕಾಗುವುದು ಐದು ನಿಮಿಷ. ಹೊಸ ಕಟ್ಟಡಕ್ಕಿಂತ ಆ ಐದು ನಿಮಿಷವೇ ಈಗ ಹೆಚ್ಚು ತುರ್ತಿನದು ಎಂಬುದು ಈ ಲೇಖನದ ಎಣಿಕೆ.

ಬಸ್ಸು ಹತ್ತುವ ಪಾಠ

ಒಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಮೊದಲ ಸಲ ಎದೆ ಹಿಡಿದುಕೊಂಡಾಗ, ಅದರಲ್ಲೂ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ, ನೋವು ಎಡತೋಳು, ದವಡೆಗೆ ಹರಿದಾಗ ಅದನ್ನು ಗಾಬರಿಯೆಂದು ಮನೆಯಲ್ಲೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಲೇಬೇಕು. ಥೈರಾಯ್ಡ್ ಏರುಪೇರು, ರಕ್ತಹೀನತೆ, ಸಕ್ಕರೆ ಇಳಿಯುವುದು ಇವೂ ಇದೇ ವೇಷ ತೊಡುತ್ತವೆ. ಅವೆಲ್ಲ ಇಲ್ಲವೆಂದು ಒಮ್ಮೆ ಖಚಿತವಾದ ಮೇಲೆ ತಿಂಗಳಿಗೊಂದು ಇಸಿಜಿ ಮಾಡಿಸುತ್ತ ಹೋದರೆ ಅನುಮಾನವೇ ಬೆಳೆಯುತ್ತದೆ.

ದಾಳಿಯ ಹೊತ್ತಿನಲ್ಲಿ ಕೂತಲ್ಲೇ ಕೂತು, ಗಡಿಯಾರ ನೋಡಿಕೊಂಡು, ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಾಯಿಂದ ಬಿಡುತ್ತ ಹೋಗಬೇಕು. ಚೀಲವನ್ನು ಬಾಯಿಗೆ ಹಿಡಿದು ಅದರೊಳಗೆ ಉಸಿರಾಡುವ ಹಳೆಯ ಉಪಾಯ ಅಪಾಯಕರ. ಸುತ್ತ ಇರುವವರು ಗುಂಪುಗೂಡಿ ಗಾಳಿ ಬೀಸಿ ಬೊಬ್ಬೆ ಹಾಕುವುದಕ್ಕಿಂತ ಒಬ್ಬರು ಪಕ್ಕದಲ್ಲಿ ಕೂತು ತಾವೂ ಹಾಗೇ ಉಸಿರು ಬಿಡುವುದು ಮೇಲು. ಓಡಿಹೋದರೆ ಗಾಬರಿ ಬೇಗ ಇಳಿದಂತೆ ಕಾಣುತ್ತದೆ. ಆದರೆ ಓಡಿದ್ದರಿಂದಲೇ ಬದುಕಿದೆನೆಂದು ಮಿದುಳು ಬರೆದುಕೊಳ್ಳುತ್ತದೆ.

ಆ ಬರಹವನ್ನು ಅಳಿಸುವ ದಾರಿ ಮಾತಿನ ಚಿಕಿತ್ಸೆಯಲ್ಲಿ ಬಹಳ ಸರಳವಾಗಿದೆ, ಸುಲಭವಾಗಿಲ್ಲ. ಬಿಟ್ಟ ಕೆಲಸವನ್ನು ಚೂರುಚೂರಾಗಿ ಮರಳಿ ಹಿಡಿಯುವುದು. ಬಸ್ಸು ಬಿಟ್ಟವಳು ಮೊದಲ ವಾರ ಚಳ್ಳಕೆರೆ ನಿಲ್ದಾಣಕ್ಕೆ ಬಂದು ನಿಂತ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂತು ಇಳಿಯುತ್ತಾಳೆ. ಮುಂದಿನ ವಾರ ಗಂಡನೋ ಅಕ್ಕನೋ ಜೊತೆಗಿದ್ದು ತಳಕಿನವರೆಗೆ. ಆಮೇಲೆ ಬಿ.ಜಿ. ಕೆರೆ. ಎದೆ ಹೊಡೆದುಕೊಂಡರೂ ಇಳಿಯುವುದಿಲ್ಲ, ಅದು ಏರಿ ಇಳಿಯುವುದನ್ನು ಕಿಟಕಿಯಾಚೆಯ ಶೇಂಗಾ ಹೊಲ ನೋಡುತ್ತ ಕಾಯುತ್ತಾಳೆ. ಮತ್ತೊಂದು ದಿನ ಹಾನಗಲ್, ರಾಂಪುರ ದಾಟಿ ಬಳ್ಳಾರಿ. ಆ ಹೊತ್ತಿಗೆ ಪಕ್ಕದ ಸೀಟಿನಲ್ಲಿ ಮನೆಯವರ ಬದಲು ಯಾರೋ ಅಪರಿಚಿತರು ಕೂತಿರುತ್ತಾರೆ.